ವಾಸನೆ ಬರುತ್ತಿತ್ತು ಎಂದೆ

ಐತಪ್ಪ ಕುಡಿದಿರಲಿಲ್ಲ. ಕುಡಿದಿದ್ದವನು ನನ್ನ ಹೆಂಡತಿಯ ಅಣ್ಣ ಸದಾನಂದ. ಕಾರು ಓಡಿಸುತ್ತಿದ್ದವನೂ ಅವನೇ. ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕುಳಿತಿದ್ದವನು ನಾನು. ಸತ್ತವನು ಐತಪ್ಪ. ಆಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಂತು, ಸತ್ತವನೇ ಕುಡಿದಿದ್ದ ಎಂದು ಎಲ್ಲರೂ ನಂಬುವಂತೆ ಮಾಡಿದವನೂ ನಾನೇ — ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವ, ಮಕ್ಕಳಿಂದ ಸತ್ಯದ ಮೇಲೆ ಪ್ರಬಂಧ ಬರೆಸಿ ಕೆಂಪು ಶಾಯಿಯಲ್ಲಿ ತಿದ್ದಿದವ.

ತಪ್ಪೊಪ್ಪಿಗೆ ಬರೆಯುವವರು ಮೊದಲ ಪುಟದಲ್ಲೇ ಕಣ್ಣೀರು ಹಾಕುವುದನ್ನು ಕಂಡಿದ್ದೇನೆ. ನನಗೆ ಅಳು ಬರಲಿಲ್ಲ. ಬಂದದ್ದು ಹೇಸಿಗೆ. ಮೊದಲು ಭಾವನ ಮೇಲೆ ಬಂತು, ಏಕೆಂದರೆ ಅದು ಸುಲಭ. ನನ್ನ ಮೇಲೆ ಬರಲು ಆರು ವರ್ಷ ಹಿಡಿಯಿತು. ಆ ಆರು ವರ್ಷ ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ನಿಮಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟಬಹುದು — ಆದರೆ ಅದೂ ಇನ್ನೊಂದು ಸುಳ್ಳು ಸಾಕ್ಷಿ.

ಸದಾನಂದ ಭಾವನಿಗೆ ಬಿ.ಸಿ.ರೋಡಿನಲ್ಲಿ ಹೋಟೆಲು. ಕೆಳಗೆ ಸಸ್ಯಾಹಾರಿ ಊಟ, ಮಹಡಿಯಲ್ಲಿ ಬಾರು. ಪ್ರತಿ ವರ್ಷ ನಮ್ಮೂರಿನ ಕಡೆ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಯುತ್ತದೆ. ಅದರ ಸ್ವಾಗತ ಸಮಿತಿಗೆ ಭಾವ ಅಧ್ಯಕ್ಷ. ಶಿಬಿರದ ಊಟ ಅವನ ಹೋಟೆಲಿನ ಕೆಳಗಿನ ಅಡುಗೆಮನೆಯಿಂದ ಬರುತ್ತಿತ್ತು, ಶಿಬಿರಾರ್ಥಿಗಳಲ್ಲಿ ಒಂದಷ್ಟು ಮಂದಿ ಮೇಲಿನ ಮಹಡಿಯಿಂದ ಬರುತ್ತಿದ್ದರು. ಇದರಲ್ಲಿ ಯಾರಿಗೂ ತಮಾಷೆ ಕಾಣಲಿಲ್ಲ. ನನಗೂ ಕಾಣಲಿಲ್ಲ. ನಾನು ಶಿಬಿರದ ಸ್ವಯಂಸೇವಕ, ಜೊತೆಗೆ ಭಾವನ ಭಾಷಣ ಬರೆಯುವವ. ಅವನು ಎರಡು ವಾಕ್ಯವನ್ನು ನೆಟ್ಟಗೆ ಜೋಡಿಸಲಾರ. ವೇದಿಕೆಯಲ್ಲಿ ಅವನ ಬಾಯಿಂದ ಬರುತ್ತಿದ್ದ ಕನ್ನಡವೆಲ್ಲ ನನ್ನದು. ಚಪ್ಪಾಳೆ ಬಿದ್ದಾಗ ನಾನು ತಲೆ ತಗ್ಗಿಸಿ ವಿನಯದಿಂದ ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗ —

ಇರಲಿ. ಐತಪ್ಪನ ಬಗ್ಗೆ ಹೇಳುತ್ತೇನೆ.

ಐತಪ್ಪ ಕೆಂಪು ಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಸಿದ್ದಕಟ್ಟೆಯಿಂದ ಸ್ವಲ್ಪ ಒಳಗೆ ಮನೆ. ಹೆಂಡತಿ ಲಲಿತಾ ಬೀಡಿ ಕಟ್ಟುತ್ತಿದ್ದಳು, ಒಬ್ಬಳೇ ಮಗಳು ಪ್ರತಿಮಾ ನನ್ನ ಶಾಲೆಯಲ್ಲಿ ಓದುತ್ತಿದ್ದಳು. ಅವನು ಕುಡಿಯುತ್ತಿದ್ದ ಕಾಲವೂ ನನಗೆ ಗೊತ್ತು. ಶಿಬಿರಕ್ಕೆ ಅವನನ್ನು ಒಪ್ಪಿಸಿ ಕರೆತಂದವನೇ ನಾನು. ಎರಡನೆಯ ದಿನ ಮೈಯೆಲ್ಲ ನಡುಗಿ, "ಮಾಷ್ಟ್ರೆ, ನನ್ನನ್ನು ಕಂಬಕ್ಕೆ ಕಟ್ಟಿ ಹಾಕಿ, ಇಲ್ಲದಿದ್ದರೆ ನಾನು ಓಡಿಹೋಗ್ತೇನೆ" ಎಂದಿದ್ದ. ಕಟ್ಟಲಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಕೈ ಹಿಡಿದು ಕೂತೆ. ಓಡಿಹೋಗಲಿಲ್ಲ.

ಅಲ್ಲಿಂದ ನಾಲ್ಕು ವರ್ಷ ಅವನು ಒಂದು ತೊಟ್ಟು ಮುಟ್ಟಲಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಪ್ರತಿ ತಿಂಗಳು ಅವನು ನಮ್ಮ ಮನೆಯ ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿ, ಇಳಿಯದೆಯೇ, "ಮಾಷ್ಟ್ರೆ, ಈ ತಿಂಗಳೂ ಇಲ್ಲ" ಎಂದು ಹೇಳಿ ಹೋಗುತ್ತಿದ್ದ. ಕುಡಿತ ಬಿಟ್ಟ ಬಾಯಿಗೆ ವೀಳ್ಯದೆಲೆ ಅಂಟಿಕೊಂಡಿತ್ತು. "ಇದನ್ನೂ ಬಿಡಿಸಬೇಡಿ ಮಾರಾಯ್ರೆ" ಎಂದು ನಗುತ್ತಿದ್ದ. ಕೆಂಪು ಹಲ್ಲು.

ಆ ಭಾನುವಾರ ಮೂಡುಬಿದಿರೆಯಲ್ಲಿ ಒಂದು ಮದುವೆ. ಊಟವಾದ ಮೇಲೆ ಭಾವ ಮತ್ತು ಅವನ ಮೂವರು ಗೆಳೆಯರು ಸಭಾಭವನದ ಹಿಂದೆ, ಕಾರಿನ ಡಿಕ್ಕಿ ತೆರೆದು ನಿಂತಿದ್ದರು. ಮದುವೆಗೆ ಬಂದವರಲ್ಲಿ ಅರ್ಧ ಜನಕ್ಕೆ ಅಲ್ಲೇನು ನಡೆಯುತ್ತಿದೆ ಎಂದು ಗೊತ್ತಿತ್ತು. ಮೂರೂವರೆಗೆ ಭಾವ ಮತ್ತು ನಾನು ಹೊರಟೆವು. ಹೆಂಡತಿ ಸುಜಾತಾ ಮದುಮಗಳ ಕಡೆಯವರ ಜೊತೆ ಉಳಿದಳು. ಭಾವ ಕಾರಿನ ಬೀಗಕ್ಕೆ ಬೀಗದಕೈ ಹಾಕಲು ಹೋಗಿ ಎರಡು ಸಲ ತಪ್ಪಿದ. ನನಗೆ ಕಾರು ಓಡಿಸಲು ಬರುತ್ತದೆ. ಲೈಸೆನ್ಸ್ ಜೇಬಿನಲ್ಲೇ ಇತ್ತು. "ನಾನು ಓಡಿಸಲಾ?" ಎಂದು ಒಂದು ಸಲ ಕೇಳಿದೆ. "ನಿನ್ನ ಸ್ಪೀಡಿನಲ್ಲಿ ಹೋದರೆ ನಾಳೆ ಮುಟ್ಟುವುದು ಮಾರಾಯ" ಎಂದ. ಹಿಂದೆ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಒಬ್ಬ ಮನುಷ್ಯನ ಪ್ರಾಣಕ್ಕಿಂತ ನಾಲ್ಕು ಕುಡುಕರ ಎದುರು ಪುಕ್ಕಲನಂತೆ ಕಾಣುವುದು ನನಗೆ ಆ ಹೊತ್ತಿನಲ್ಲಿ ಹೆಚ್ಚು ಭಯದ ಸಂಗತಿಯಾಗಿತ್ತು — ಅಷ್ಟೇ ನನ್ನ ಅಳತೆ.

ಸಿದ್ದಕಟ್ಟೆ ದಾಟಿದ ಮೇಲೆ ಒಂದು ತಿರುವು. ಮುಂದೆ ಖಾಸಗಿ ಬಸ್ಸು. ತಿರುವಿನಲ್ಲೇ ಭಾವ ಬಸ್ಸನ್ನು ಹಿಂದೆ ಹಾಕಲು ಹೋದ. ಎದುರಿನಿಂದ, ತನ್ನ ಬದಿಯಲ್ಲಿ, ರಸ್ತೆಯ ಅಂಚಿಗೆ ತಾಗಿಕೊಂಡೇ ಬರುತ್ತಿದ್ದ ಸ್ಕೂಟರು. ನಾನು "ಭಾವಾ" ಎಂದೆ. ಅಷ್ಟರಲ್ಲಿ ಮುಗಿದಿತ್ತು.

ಬಸ್ಸು ನಿಲ್ಲಲಿಲ್ಲ, ಬಹುಶಃ ಅವರಿಗೆ ಗೊತ್ತೇ ಆಗಲಿಲ್ಲ. ನಾನು ಇಳಿದು ಓಡಿದೆ. ಕರಣೆ, ತೂಕದ ಗುಂಡು, ಮಟ್ಟಗೋಲು ರಸ್ತೆಯಲ್ಲಿ ಚೆಲ್ಲಿದ್ದವು. ಮುಖ ನೋಡುವ ಮೊದಲೇ ನನಗೆ ಯಾರೆಂದು ತಿಳಿಯಿತು. ಅವನಿಗೂ ನನ್ನ ಗುರುತು ಸಿಕ್ಕಿತು. "ಮಾಷ್ಟ್ರೆ" ಎಂದ. ಇನ್ನೂ ಏನೋ ಹೇಳಲು ನೋಡಿದ, ನಾನು ಅವನ ಬಾಯಿಯ ಹತ್ತಿರ ಕಿವಿ ಇಟ್ಟೆ. ಮಾತು ಬರಲಿಲ್ಲ. ಉಸಿರು ಬಂತು, ಉಸಿರಿನಲ್ಲಿ ವೀಳ್ಯದೆಲೆಯ ವಾಸನೆ ಬಂತು. ಬೇರೆ ಯಾವ ವಾಸನೆಯೂ ಇರಲಿಲ್ಲ. ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಭಾವನ ಬಾಯಿಂದ ವಿಸ್ಕಿಯ ವಾಸನೆ ಬರುತ್ತಿತ್ತು.

ಆಸ್ಪತ್ರೆ ಮುಟ್ಟುವ ಮೊದಲೇ ಐತಪ್ಪ ತೀರಿಕೊಂಡ. ಜನ ಸೇರುವ ಮೊದಲೇ ಭಾವ ಮಾಯವಾಗಿದ್ದ. ಎರಡು ದಿನ ಕನ್ಯಾನದಲ್ಲಿ ಪರಿಚಯದವರ ತೋಟದ ಮನೆಯಲ್ಲಿದ್ದು, ರಕ್ತದಲ್ಲಿ ಏನೂ ಉಳಿದಿಲ್ಲ ಎಂಬ ಧೈರ್ಯ ಬಂದ ಮೇಲೆ ವಕೀಲರ ಜೊತೆ ಠಾಣೆಗೆ ಹೋದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ ಎಂದು ಸುಜಾತಾ ಹೇಳಿದಳು. ಹೇಳುವಾಗ ಅವಳ ಧ್ವನಿಯಲ್ಲಿ ಸಮಾಧಾನವಿತ್ತು.

ಲಲಿತಾ ಪರಿಹಾರಕ್ಕೆ ಅರ್ಜಿ ಹಾಕಿದಳು. ಇಂಥ ಕೇಸುಗಳಲ್ಲಿ ಸಾಮಾನ್ಯವಾಗಿ ವಿಮಾ ಕಂಪನಿ ಹಣ ಕೊಡುತ್ತದೆ, ಮಾಲೀಕ ಕೈ ತೊಳೆದುಕೊಳ್ಳುತ್ತಾನೆ. ಆದರೆ ಹೊಸ ಸೋಫಾ, ಹೊಸ ಬೋರ್ಡು ಎಂದು ಹೋಟೆಲಿಗೆ ಸುರಿಯುತ್ತಿದ್ದ ಭಾವ ಕಾರಿನ ವಿಮೆ ಕಟ್ಟುವುದನ್ನು ಬಿಟ್ಟಿದ್ದ. ಕೋರ್ಟು ಎಷ್ಟು ಹೇಳುತ್ತದೋ ಅಷ್ಟನ್ನೂ ಅವನೇ ಕೊಡಬೇಕು. ಆಗ ಅವನಿಗೆ ನನ್ನ ನೆನಪಾಯಿತು.

ವಕೀಲರ ಕಚೇರಿಯಲ್ಲಿ ನಮಗೆ ಎಳನೀರು ಕೊಟ್ಟರು. ಮರಣೋತ್ತರ ವರದಿಯಲ್ಲಿ ಮದ್ಯದ ಬಗ್ಗೆ ಒಂದು ಮಾತೂ ಇರಲಿಲ್ಲ — ಕುಡಿದಿದ್ದ ಎಂದೂ ಇಲ್ಲ, ಕುಡಿದಿರಲಿಲ್ಲ ಎಂದೂ ಇಲ್ಲ. ಆ ಖಾಲಿ ಜಾಗದಲ್ಲಿ ನನ್ನನ್ನು ಕೂರಿಸುವುದು ಅವರ ಯೋಜನೆ.

"ಸುಳ್ಳು ಹೇಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ" ಎಂದರು ವಕೀಲರು. "ನೀವು ಮಾಷ್ಟ್ರು. ಆ ಜನ, ಐತಪ್ಪ, ಶಿಬಿರಕ್ಕೆ ಸೇರಿದ್ದು ಹೌದಾ ಅಲ್ವಾ?"

"ಹೌದು."

"ಶಿಬಿರಕ್ಕೆ ಕುಡಿಯದವರು ಸೇರ್ತಾರಾ?"

"ಇಲ್ಲ."

"ಅಲ್ಲಿ ನಿಮಗೆ ವಾಸನೆ ಬಂತಾ ಇಲ್ವಾ?"

ನಾನು ಭಾವನ ಮುಖ ನೋಡಿದೆ. ಅವನು ಸ್ಟ್ರಾದಿಂದ ಎಳನೀರಿನ ತಳ ಕೆದಕುತ್ತಿದ್ದ.

"ಬಂತು" ಎಂದೆ.

"ಅಷ್ಟು ಸಾಕು. ಇದ್ದದ್ದನ್ನು ಇದ್ದ ಹಾಗೆ ಹೇಳುವ."

ಭಾವ ನನ್ನನ್ನು ಬೆದರಿಸಲಿಲ್ಲ, ಎರಡನೆಯ ಸಲ ಕೇಳಲೂ ಇಲ್ಲ. ನಾನು ಒಪ್ಪುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಸುಜಾತಾ ಮಾತ್ರ ಮನೆಯಲ್ಲಿ, "ಸತ್ತವ ಹೇಗೂ ಎದ್ದು ಬರುವುದಿಲ್ಲ, ಇದ್ದವರನ್ನು ಯಾಕೆ ಕೊಲ್ಲುವುದು?" ಎಂದಳು. ಇದೊಂದು ಒಳ್ಳೆಯ ಕಾರಣದಂತೆ ಕೇಳಿಸುತ್ತದೆ. ಅವಳ ಮೇಲೆ ಹಾಕಿ ನಾನು ನುಣುಚಿಕೊಳ್ಳಬಹುದು. ಆದರೆ ಅವಳು ಹೇಳುವ ಮೊದಲೇ ನಾನು ನಿರ್ಧರಿಸಿಯಾಗಿತ್ತು. ನೆಂಟರ ಮನೆಗಳಲ್ಲಿ ಮೊದಲ ಸಾಲಿನ ಕುರ್ಚಿ, ಶಿಬಿರದ ವೇದಿಕೆ, 'ಮಾಷ್ಟ್ರು ನಮ್ಮವರು' ಎಂಬ ಮಾತು — ಇಂಥ ಚಿಲ್ಲರೆ ವಸ್ತುಗಳಿಗೆ ನಾನು ಮಾರಾಟವಾದೆ. ಲಂಚವನ್ನಾದರೂ ತೆಗೆದುಕೊಂಡಿದ್ದರೆ ನನ್ನನ್ನು ಕಳ್ಳ ಎನ್ನಬಹುದಿತ್ತು. ಅದಕ್ಕೂ ನಾನು ಯೋಗ್ಯನಲ್ಲ.

ಕಟಕಟೆಯಲ್ಲಿ ಪ್ರಮಾಣ ಮಾಡಿದೆ. ಐತಪ್ಪ ಮದ್ಯವ್ಯಸನಿಯಾಗಿದ್ದನೇ? ಹೌದು, ನಾನೇ ಶಿಬಿರಕ್ಕೆ ಸೇರಿಸಿದ್ದೆ. ಸ್ಕೂಟರು ಹೇಗೆ ಬರುತ್ತಿತ್ತು? ಓಲಾಡಿದಂತೆ ಕಂಡಿತು. ಇದು ಅಪ್ಪಟ ಸುಳ್ಳು. ಹತ್ತಿರ ಹೋದಾಗ ಏನಾದರೂ ಗಮನಿಸಿದಿರಾ? "ಮದ್ಯದ ವಾಸನೆ ಬರುತ್ತಿತ್ತು" ಎಂದೆ. ಯಾರ ಬಾಯಿಂದ ಎಂದು ಯಾರೂ ಕೇಳಲಿಲ್ಲ. ವಾಕ್ಯದಲ್ಲಿ 'ಯಾರಿಂದ' ಎಂಬ ಪದ ಇಲ್ಲದಿದ್ದರೆ ಅರ್ಥ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದು ಎಂಟನೆಯ ತರಗತಿಗೆ ವ್ಯಾಕರಣ ಹೇಳಿಕೊಟ್ಟವನು ನಾನು. ಆ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು.

ಲಲಿತಾಳ ಪರ ಬಂದಿದ್ದ ಯುವ ವಕೀಲೆ ಎದ್ದು ಒಂದೇ ಪ್ರಶ್ನೆ ಕೇಳಿದಳು: "ಶಿಬಿರದ ನಂತರ ಅವರು ಕುಡಿದದ್ದನ್ನು ನೀವು ಕಂಡಿದ್ದೀರಾ?"

ಇಲ್ಲಿ ಒಂದು ಬಾಗಿಲು ತೆರೆದಿತ್ತು. 'ಇಲ್ಲ' ಎಂದು ನಿಲ್ಲಿಸಿದ್ದರೆ ಸಾಕಿತ್ತು.

"ನಾನು ಕಂಡಿಲ್ಲ" ಎಂದೆ. "ಆದರೆ ಶಿಬಿರದಿಂದ ಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಕುಡಿಯುತ್ತಾರೆ. ಅದು ನಮ್ಮ ದುಃಖ."

'ಅದು ನಮ್ಮ ದುಃಖ.' ಯಾರೂ ಹೇಳಿಕೊಟ್ಟ ಮಾತಲ್ಲ ಅದು. ನಾನೇ, ನನ್ನ ಕಡೆಯಿಂದ, ಅಲಂಕಾರಕ್ಕೆ ಸೇರಿಸಿದ್ದು.

ಅರ್ಧ ತಪ್ಪು ಸತ್ತವನದು ಎಂದು ತೀರ್ಪಾಯಿತು. ಪರಿಹಾರವೂ ಅರ್ಧಕ್ಕಿಳಿಯಿತು. ಕುಡಿಯುವವನ ಸಂಪಾದನೆ ಪೂರ್ತಿಯಾಗಿ ಮನೆ ಸೇರುವುದಿಲ್ಲ ಎಂಬ ವಾದಕ್ಕೆ ಉಳಿದ ಅರ್ಧದಲ್ಲೂ ಸ್ವಲ್ಪ ಹೋಯಿತು. ಹೊರಗೆ ಮೆಟ್ಟಿಲಿನ ಹತ್ತಿರ ಲಲಿತಾ ನಿಂತಿದ್ದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ತನ್ನ ವಕೀಲೆಯನ್ನು ಕೇಳುತ್ತಿದ್ದಳು: "ದುಡ್ಡು ಇರಲಿ ಮೇಡಂ. ಆ 'ಕುಡಿದಿದ್ದ' ಅಂತ ಬರೆದದ್ದನ್ನು ಮಾತ್ರ ತೆಗೆಸಲಿಕ್ಕೆ ಆಗ್ತದಾ?" ನಾನು ಬೇರೆ ಬಾಗಿಲಿನಿಂದ ಹೋದೆ.

ಮರು ವರ್ಷದ ಶಿಬಿರದಲ್ಲಿ ಭಾವ ಅಧ್ಯಕ್ಷೀಯ ಭಾಷಣ ಮಾಡಿದ. ಬಾಯಿಯಲ್ಲಿ ಏಲಕ್ಕಿ. "ನಮ್ಮ ಶಿಬಿರದ ಒಬ್ಬ ಸೋದರ ಮರಳಿ ಮದ್ಯದ ದಾಸನಾಗಿ ರಸ್ತೆಯಲ್ಲಿ ಪ್ರಾಣ ತೆತ್ತದ್ದನ್ನು ನಾವು ಮರೆಯಬಾರದು" ಎಂದು ಓದಿದ. ಓದುತ್ತ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ, ನಿಜವಾಗಿ. ಅಷ್ಟರಲ್ಲಿ ಅವನೇ ಅದನ್ನು ನಂಬಿಬಿಟ್ಟಿದ್ದ. ಆ ವಾಕ್ಯ ಬರೆದುಕೊಟ್ಟವನು ನಾನು. 'ಮದ್ಯದ ದಾಸ' ಎಂದು ಹಾಕಲೋ 'ಮದ್ಯಕ್ಕೆ ಬಲಿ' ಎಂದು ಹಾಕಲೋ ಎಂದು ಸ್ವಲ್ಪ ಹೊತ್ತು ಯೋಚಿಸಿಯೂ ಇದ್ದೆ.

ಹೀಗೇ ನಡೆದುಹೋಗುತ್ತಿತ್ತು. ನಾನು ನಿವೃತ್ತನಾದೆ, ಶಾಲು ಹೊದಿಸಿಕೊಂಡೆ. ಕಳೆದ ತಿಂಗಳು ಸುಜಾತಾಳಿಗೆ ಸೀರೆ ತರಲು ಮೂಡುಬಿದಿರೆಯ ಒಂದು ಬಟ್ಟೆ ಅಂಗಡಿಗೆ ಹೋದೆ. ಕೌಂಟರಿನ ಆಚೆ ಕುಳಿತಿದ್ದ ಹುಡುಗಿ ಎದ್ದು ಕೈ ಮುಗಿದಳು. ಪ್ರತಿಮಾ. ತಂದೆ ಸತ್ತಾಗ ನನ್ನ ತರಗತಿಯಲ್ಲೇ, ಒಂಬತ್ತನೆಯಲ್ಲಿದ್ದವಳು. ಓಡಿಹೋಗಬೇಕು ಅನಿಸಿತು. ಅವಳು ನನಗೆ ಸ್ಟೂಲು ಎಳೆದು ಕೊಟ್ಟಳು.

"ಸರ್, ನಿಮಗೆ ಒಂದು ಮಾತು ಹೇಳಬೇಕು ಅಂತ ತುಂಬ ದಿನದಿಂದ ಇತ್ತು" ಎಂದಳು. "ಕೋರ್ಟಿನಲ್ಲಿ ನೀವು ಸತ್ಯ ಹೇಳಿದ್ರಿ. ನಿಮಗೆ ಎಷ್ಟು ಕಷ್ಟ ಆಗಿರಬಹುದು, ಅಪ್ಪ ನಿಮಗೆ ಬೇಕಾದವರೇ ಅಲ್ವಾ. ಅಮ್ಮ ಇವತ್ತಿಗೂ ಒಪ್ಪುವುದಿಲ್ಲ. ನಾನು ಹೇಳ್ತೇನೆ, ಸರ್ ಯಾಕೆ ಸುಳ್ಳು ಹೇಳ್ತಾರೆ ಅಂತ."

ನಾನು ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಸೀರೆ ಬಿಡಿಸುತ್ತ, ಮಡಿಸುತ್ತ, ಮಾತಾಡುತ್ತಲೇ ಇದ್ದಳು. ಕೇಳುವವರು ಸಿಕ್ಕದೆ ಎಷ್ಟೋ ಕಾಲವಾದಂತೆ. ನಮ್ಮ ಕಡೆ ತೀರಿಕೊಂಡವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುವ ಪದ್ಧತಿ, ಬದುಕಿದ್ದಾಗ ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಎಲೆಯ ಮೇಲೆ ಇಡುತ್ತಾರೆ. ತೀರ್ಪು ಬಂದ ವರ್ಷ ಐತಪ್ಪನ ತಮ್ಮ ಒಂದು ಕ್ವಾರ್ಟರ್ ಬಾಟ್ಲಿ ತಂದು ಅಣ್ಣನ ಎಲೆಯ ಬದಿಗೆ ಇಟ್ಟನಂತೆ. "ಕದ್ದು ಕುಡೀತಿದ್ದ ಪಾಪ, ಇನ್ನು ಯಾರ ಹೆದರಿಕೆ" ಎಂದನಂತೆ. ಲಲಿತಾ ಬಾಟ್ಲಿಯನ್ನು ಎತ್ತಿ ಅಂಗಳದ ಕಲ್ಲಿಗೆ ಬಡಿದಳು. ಚೂರು ಎಲೆಯ ಮೇಲೂ ಸಿಡಿದು ಗಾಜು, ಅನ್ನ, ಕೋಳಿ ಎಲ್ಲ ಒಟ್ಟಾಯಿತು. ಬಡಿಸಿದ್ದನ್ನು ಹಾಳು ಮಾಡಿದ್ದಕ್ಕೆ ಮನೆಯವರೆಲ್ಲ ಅವಳ ಮೇಲೆ ಬಿದ್ದರು. ಮಗಳೂ.

"ನಾನು ಕೂಡ ಅಮ್ಮನಿಗೆ ಬೈದೆ ಸರ್. ಅಪ್ಪ ನಮಗೆ ನಾಲ್ಕು ವರ್ಷ ಮೋಸ ಮಾಡಿದ್ರು, ನೀನು ಇನ್ನೂ ಅವರ ಪರ ಯಾಕೆ ಅಂತ. ಆಮೇಲೆ ನಾನು ಇಲ್ಲಿಯೇ ಹಾಸ್ಟೆಲಿನಲ್ಲಿರುವುದು. ಮನೆಗೆ ಹೋಗುವುದು ಕಮ್ಮಿ." ಸೀರೆಯ ಮಡಿಕೆ ಸರಿಮಾಡಿ, "ಇದು ತೋರಿಸಲಾ ಸರ್? ಸುಜಾತಕ್ಕನಿಗೆ ಒಪ್ಪುತ್ತದೆ" ಎಂದಳು.

ನಾನು ಆ ಸೀರೆಯನ್ನು ಕೊಂಡೆ. ಹೌದು. ಹೇಳಬೇಕಾದದ್ದನ್ನು ಹೇಳದೆ, ದುಡ್ಡು ಕೊಟ್ಟು, ಚೀಲ ಹಿಡಿದುಕೊಂಡು ಹೊರಗೆ ಬಂದೆ. ಒಂದು ಹೆಣ್ಣುಮಗು ತಂದೆಯನ್ನು ಎರಡು ಸಲ ಕಳೆದುಕೊಂಡದ್ದನ್ನು, ತಾಯಿಯನ್ನೂ ಕಳೆದುಕೊಂಡದ್ದನ್ನು ಕೇಳಿದ ಮೇಲೂ ನನ್ನ ಬಾಯಿ ಮುಚ್ಚಿಯೇ ಇತ್ತು. ಕೋರ್ಟಿನಲ್ಲಿ ಮಾತ್ರ ತೆರೆಯುವ ಬಾಯಿ.

ನಾಲ್ಕು ದಿನ ಬಿಟ್ಟು ಲಲಿತಾಳ ಮನೆಗೆ ಹೋದೆ. ಬೆಳಗಿನ ಹತ್ತು ಗಂಟೆ. ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕೂರಲು ಹೇಳಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ: ಡಿಕ್ಕಿ, ಬಸ್ಸು, ತಿರುವು, ಯಾರ ಬಾಯಿಯ ವಾಸನೆ. ಅವಳ ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ.

"ಎಂಕ್ ಗೊತ್ತುಂಡು ಮಾಷ್ಟ್ರೆ" ಎಂದಳು. "ನನಗೆ ಗೊತ್ತಿಲ್ಲದೆ ಎಂತ? ಒಂಬತ್ತು ವರ್ಷ ಆ ವಾಸನೆಯ ಜೊತೆ ಮಲಗಿದವಳು ನಾನು. ಅದು ಇಲ್ಲದ ನಾಲ್ಕು ವರ್ಷ ಹೇಗಿತ್ತು ಅಂತ ನನಗೆ ಗೊತ್ತಿಲ್ವಾ?"

"ಕ್ಷಮಿಸು ಅಂತ ಕೇಳಲಿಕ್ಕೆ ನನಗೆ ಮುಖ ಇಲ್ಲ —"

"ಇಲ್ಲ ಅಲ್ವಾ? ಹಾಗಾದರೆ ಕೇಳಬೇಡಿ." ದಾರ ಕಚ್ಚಿ ತುಂಡು ಮಾಡಿದಳು. "ಇದನ್ನು ಹೇಳಲಿಕ್ಕೆ ನೀವು ಇಲ್ಲಿಗೆ ಯಾಕೆ ಬಂದದ್ದು? ಈ ಮನೆಯಲ್ಲಿ ಇರುವುದು ನಾನು ಒಬ್ಬಳು, ನನಗೆ ಸಂಶಯ ಇಲ್ಲ. ಸಂಶಯ ಇರುವವಳು ಮೂಡುಬಿದಿರೆಯಲ್ಲಿ ಉಂಟು. ಅಲ್ಲಿಗೆ ಹೋಗಿ. ನನ್ನ ಹತ್ತಿರ ಹೇಳಿ ಹಗುರ ಆಗ್ಲಿಕ್ಕೆ ನೋಡಬೇಡಿ."

ಇಷ್ಟು ಸರಿಯಾಗಿ ನನ್ನನ್ನು ಯಾರೂ ಓದಿದ್ದಿಲ್ಲ.

ಅಲ್ಲಿಂದಲೇ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಮಧ್ಯಾಹ್ನದ ಬಿಡುವು. ಪ್ರತಿಮಾ ಹಿಂದಿನ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಈ ಸಲ ಪೀಠಿಕೆ ಹಾಕಲಿಲ್ಲ. "ನಿನ್ನ ಅಪ್ಪ ಕುಡಿದಿರಲಿಲ್ಲ. ನಾನು ಸುಳ್ಳು ಹೇಳಿದೆ. ಕುಡಿದದ್ದು ಸದಾನಂದ. ಅದು ಆವತ್ತೇ ನನಗೆ ಗೊತ್ತಿತ್ತು" ಎಂದೆ. ಜೀವಮಾನದಲ್ಲಿ ನಾನು ಹೇಳಿದ ಅತಿ ಚಿಕ್ಕ ವಾಕ್ಯಗಳು.

ಅವಳು ಬುತ್ತಿಯ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. ಮತ್ತೆ ಹಾಕಿದಳು. ಅಳುತ್ತಾಳೆ, ಹೊಡೆಯುತ್ತಾಳೆ — ಏನಾದರೂ ಮಾಡಲಿ ಎಂದು ಕಾಯುತ್ತಿದ್ದೆ. ಅವಳು ಫೋನು ತೆಗೆದು ತಾಯಿಗೆ ಕರೆ ಮಾಡಿದಳು. "ಅಮ್ಮಾ" ಎಂದಳು. ಆಚೆಯಿಂದ ಏನು ಬಂತೋ, ತುಂಬ ಹೊತ್ತು ಬರೀ ಕೇಳಿಸಿಕೊಂಡಳು. "ಹ್ಞಾಂ. ಇಲ್ಲಿಯೇ ನಿಂತಿದ್ದಾರೆ" ಎಂದಳು. "ಇಲ್ಲ, ಇನ್ನೂ ಹೋಗಲಿಲ್ಲ." ಆ ದನಿಯಲ್ಲಿ ನಾನು ಅಂಗಡಿಯೊಳಗೆ ನುಗ್ಗಿದ ದನದ ಹಾಗಿದ್ದೆ.

ಫೋನಿಟ್ಟ ಮೇಲೆ ನನ್ನ ಮುಖ ನೋಡಿದಳು. 'ಸರ್' ಎನ್ನಲಿಲ್ಲ.

"ಯಾರ ಎದುರು ಹೇಳಿದ್ರೋ ಅವರ ಎದುರು ಹೇಳಿ. ಇಲ್ಲಿ ಹೇಳಿದರೆ ನನಗೆ ಎಂತ ಆಯ್ತು? ಕೋರ್ಟಿನ ಕಾಗದದಲ್ಲಿ ಅಪ್ಪ ಈಗಲೂ ಕುಡಿದೇ ಸತ್ತದ್ದು."

"ಹೇಳ್ತೇನೆ."

"ನಿಮ್ಮ 'ಹೇಳ್ತೇನೆ' ನನಗೆ ಬೇಡ."

ಬಂಟ್ವಾಳಕ್ಕೆ ಹೋಗಿ ಲಲಿತಾಳ ಆ ವಕೀಲೆಯನ್ನು ಕಂಡೆ. ತೀರ್ಪು ಬದಲಾಗುತ್ತದೆ ಎಂದು ಅವಳು ಭರವಸೆ ಕೊಡಲಿಲ್ಲ. ಅರ್ಜಿ ಹಾಕಬಹುದು ಎಂದಳು. ನನ್ನ ಮೇಲೆ ಸುಳ್ಳು ಸಾಕ್ಷಿಯ ಕೇಸು ಬೀಳಬಹುದು, ಜೈಲೂ ಆಗಬಹುದು, ಯೋಚಿಸಿ ಬನ್ನಿ ಎಂದಳು. ಯೋಚಿಸಿಯೇ ಅಲ್ಲವೇ ನಾನು ಎಲ್ಲವನ್ನೂ ಹಾಳು ಮಾಡಿದ್ದು. ಅಲ್ಲಿಯೇ ಕೂತು ಪ್ರಮಾಣಪತ್ರ ಬರೆಸಿದೆ. ಭಾವನಿಗೆ ಸಂಜೆಯೊಳಗೆ ಸುದ್ದಿ ಮುಟ್ಟಿತು. ಮನೆಗೆ ಬಂದು, "ನಿನಗೆ ಈಗ ಎಂತ ದೆವ್ವ ಹಿಡಿದದ್ದು?" ಎಂದು ಕೂಗಾಡಿದ, ಕಾಲು ಹಿಡಿದ, ಪುನಃ ಕೂಗಾಡಿದ. ಸುಜಾತಾ ಅಣ್ಣನ ಜೊತೆ ತವರಿಗೆ ಹೋದಳು. ಅವರ ಮೇಲೆ ಬರೆಯಲು ಇನ್ನೂ ಕಟುವಾದ ಮಾತುಗಳು ನನ್ನಲ್ಲಿವೆ. ಬರೆಯುವುದಿಲ್ಲ. ಭಾವ ಕುಡಿದಿದ್ದ, ಹೆದರಿದ್ದ. ನಾನು ಎರಡೂ ಅಲ್ಲ. ಪೂರ್ತಿ ಎಚ್ಚರದಲ್ಲಿ, ಒಳ್ಳೆಯ ಕನ್ನಡದಲ್ಲಿ, ಸತ್ತ ಮನುಷ್ಯನ ಬಾಯಿಗೆ ಹೆಂಡ ಸುರಿದವನು ನಾನು.

ನಾಡಿದ್ದು ಅರ್ಜಿ ಕೋರ್ಟಿನ ಮುಂದೆ ಬರುತ್ತದೆ. ನಿನ್ನೆ ಪ್ರತಿಮಾ ಫೋನು ಮಾಡಿದ್ದಳು. ಎಷ್ಟು ಗಂಟೆಗೆ ಎಂದು ಕೇಳಿದಳು, ಹೇಳಿದೆ.

"ನಾನು ಮತ್ತು ಅಮ್ಮ ಬರ್ತೇವೆ" ಎಂದಳು. "ನೀವು ಹೇಳ್ತೀರೋ, ಪುನಃ ಮಾತು ತಿರುಗಿಸ್ತೀರೋ ನೋಡಲಿಕ್ಕೆ."

ಬರಲಿ. ನನ್ನನ್ನು ನಂಬದೆ ಬರಲಿ.